ವಿಕೆಟ್ ಬಿದ್ದರೆ ಸೊಸೆಯ ಕಾಲ್ಗುಣವೇ?

ಕ್ರಿಕೆಟ್ಟಿನ ಮಾತು ನಮ್ಮ ಪುಟಕ್ಕೆ ಯಾಕೆ ಬಂತು ಎಂದು ಹುಬ್ಬೇರಿಸಬೇಡಿ, ಸೋದರಿಯರೇ. ಸಂಜೆ ಏಳೂವರೆಗೆ ಗಂಡಸರು ಟಿ.ವಿ. ಮುಂದೆ ಕೂತರೆ ಸಾರನ್ನು ಮೂರು ಸಲ ಬಿಸಿ ಮಾಡುವವರು ನಾವು. ಗೆದ್ದರೆ ರಾತ್ರಿ ಹನ್ನೊಂದಕ್ಕೆ ಇನ್ನೊಂದು ಮುದ್ದೆ ಕಟ್ಟುವವರು ನಾವು. ಸೋತರೆ ತಟ್ಟೆ ಕುಕ್ಕಿದ ಸದ್ದು ಕೇಳುವವರೂ ನಾವೇ. ಹೀಗಿರುವಾಗ ಈ ಆಟದ ಲೆಕ್ಕದಲ್ಲಿ ನಮಗೂ ಒಂದು ಮಾತಾಡುವ ಹಕ್ಕಿದೆ ಅಂತ ನನಗನ್ನಿಸುತ್ತದೆ.

ನಮ್ಮಕ್ಕನನ್ನು ಕೊಟ್ಟಿರುವುದು ಗುಂಡ್ಲುಪೇಟೆ ಪಕ್ಕದ ಒಂದು ಹಳ್ಳಿಗೆ. 2024ರ ಯುಗಾದಿ ಕಳೆದು ಒಂದು ವಾರವಾಗಿತ್ತು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ, ಬಿಸಿಲಲ್ಲಿ ಬೆಂದು, ಮಧ್ಯಾಹ್ನಕ್ಕೆ ಅಲ್ಲಿಗೆ ತಲುಪಿದೆ. ಆ ವರ್ಷದ ಬರ ನಿಮಗೆ ನೆನಪಿರಬಹುದು, ರಸ್ತೆಯ ಎರಡೂ ಕಡೆ ಹೊಲ ಒಣಗಿ ಬಿರುಕು ಬಿಟ್ಟಿತ್ತು. ಅಕ್ಕನ ಮನೆ ಜಗಲಿ ತುಂಬ ಹುಣಸೆಹಣ್ಣು. ಭಾವನವರು ಅಕ್ಕಪಕ್ಕದ ಹೊಲಗಳ ಹುಣಸೆ ಮರದ ಫಸಲನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸ ಮಾತ್ರ ಮನೆ ಹೆಂಗಸರದು. ಅಕ್ಕನ ಮಗನಿಗೆ ಮದುವೆಯಾಗಿ ಆಗಿನ್ನೂ ಎರಡು ತಿಂಗಳು. ಹೊಸ ಸೊಸೆ ಮೆತ್ತನೆ ಮಾತಿನ ಹುಡುಗಿ. ಕಾಲೇಜಿನಲ್ಲಿ ಕ್ರಿಕೆಟ್ ನೋಡಿ ಬೆಳೆದವಳು, ಯಾರ ಬ್ಯಾಟಿಂಗ್ ಹೇಗೆ ಅಂತ ನನಗಿಂತ, ಯಾಕೆ, ನಮ್ಮ ಭಾವನಿಗಿಂತಲೂ ಚೆನ್ನಾಗಿ ಬಲ್ಲವಳು.

ಅವತ್ತು ಏಪ್ರಿಲ್ 15. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ನಮ್ಮ ಬೆಂಗಳೂರು ತಂಡಕ್ಕೂ ಹೈದರಾಬಾದಿನವರಿಗೂ ಪಂದ್ಯ. ಹೈದರಾಬಾದಿನವರು ಬಾರಿಸಿದರು ನೋಡಿ, 287 ರನ್! ಅಲ್ಲಿಯವರೆಗೆ ಐ.ಪಿ.ಎಲ್.ನಲ್ಲಿ ಯಾರೂ ಅಷ್ಟು ಹೊಡೆದಿರಲಿಲ್ಲ. ನಾವು ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದೆವು, ಒಳಗೆ ಅವರು ಬಾಲು ಕುಟ್ಟುತ್ತಿದ್ದರು. ನಮ್ಮವರ ಸರದಿ ಬಂದಾಗ ಕೊಹ್ಲಿ ಚೆನ್ನಾಗಿಯೇ ಆಡುತ್ತಿದ್ದರು. ಆ ಹೊತ್ತಿಗೆ ಈ ಹುಡುಗಿ ಕಡ್ಲೆಪುರಿಗೆ ಈರುಳ್ಳಿ ಕೊಚ್ಚಿ ಹಾಕಿ, ಮೊರದಲ್ಲಿ ತಂದಿಟ್ಟು, ಚಾಪೆಯ ತುದಿಯಲ್ಲಿ ಕೂತಳು. ಅಷ್ಟೇ. 42 ರನ್ನಿಗೆ ಕೊಹ್ಲಿ ಬೋಲ್ಡು.

ಭಾವ ಟಿ.ವಿ. ನೋಡಲಿಲ್ಲ, ಸೊಸೆಯನ್ನು ನೋಡಿದರು. "ಚೆನ್ನಾಗೇ ನಡೀತಿತ್ತು. ಈವಮ್ಮ ಬಂದು ಕೂತ ಗಳಿಗೆ ನೋಡು! ಎಂಥಾ ಕಾಲ್ಗುಣನೋ ಕಾಣೆ," ಎಂದುಬಿಟ್ಟರು. ತಮಾಷೆಗೆ ಅಂದದ್ದೇ ಇರಬಹುದು. ಗಂಡ ಎನ್ನಿಸಿಕೊಂಡವನು ಕಿಸಕ್ಕನೆ ನಕ್ಕ. ಹುಡುಗಿ ಎದ್ದು ಅಡುಗೆಮನೆಗೆ ಹೋದಳು. ಬೆಂಗಳೂರಿನವರು 262 ಹೊಡೆದು 25 ರನ್ನಿನಿಂದ ಸೋತರು. ಏಳು ಪಂದ್ಯದಲ್ಲಿ ಅದು ಆರನೆಯ ಸೋಲು. ಮಿಕ್ಕ ಐದು ಸೋಲಿಗೆ ಯಾರ ಕಾಲ್ಗುಣವೋ, ಅದನ್ನು ಯಾರೂ ಕೇಳಲಿಲ್ಲ.

ನೀರು ಕುಡಿಯಲು ಒಳಗೆ ಹೋದಾಗ ನೋಡುತ್ತೇನೆ, ಮಗು ಒಲೆಯ ಕಡೆ ಮುಖ ಮಾಡಿ ನಿಂತಿದೆ. "ಹೊಗೆ ಕಣ್ ಚಿಕ್ಕತ್ತೆ," ಅಂದಳು. ಒಲೆಯೇನೋ ಗ್ಯಾಸಿನದು.

ಬೆಳಿಗ್ಗೆ ಭಾವನವರ ಸಿಟ್ಟು ಇನ್ನೂ ಇಳಿದಿರಲಿಲ್ಲ. ಈಗ ಸೊಸೆಯ ಮೇಲಲ್ಲ, ಆಟಗಾರರ ಮೇಲೆ. "ಆ ಮ್ಯಾಕ್ಸ್‌ವೆಲ್ಲಿಗೆ 11 ಕೋಟಿ! ಆರು ಸಲ ಆಡಿ ಹೊಡೆದದ್ದು 32 ರನ್ನು. ನಮ್ಮನೆ ಎತ್ತು ಹೀಗೆ ಮಾಡಿದ್ರೆ ಸಂತೆಗೆ ಹೊಡೀತಿದ್ದೆ. ಕೇಳೋರಿಲ್ವಾ ಇವರನ್ನ?" ಅಂತ ಕೂಗಾಡಿದರು.

ಈ ಪ್ರಶ್ನೆ ಮಾತ್ರ ನನಗೆ ಸಣ್ಣದಾಗಿ ಕಾಣಲಿಲ್ಲ. ಕೋಟಿ ಎಣಿಸಿಕೊಂಡವನು ಕೆಲಸ ಕೆಡಿಸಿದರೆ ಕೇಳುವವರು ಯಾರು? ಕೇಳಬೇಕೋ ಬೇಡವೋ? ಕೇಳಿದರೆ ಹೇಗೆ ಕೇಳಬೇಕು?

ಮೊದಲು ಮ್ಯಾಕ್ಸ್‌ವೆಲ್ ಕಥೆ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿ ಆತ ಆಡಿಯೇ ಇರಲಿಲ್ಲ. ತಂಡದಿಂದ ಯಾರೂ ತೆಗೆದು ಹಾಕಿರಲಿಲ್ಲ, ತಾನೇ ನಾಯಕನ ಹತ್ತಿರ, ತರಬೇತುದಾರರ ಹತ್ತಿರ ಹೋಗಿ, ನನ್ನಿಂದ ತಂಡಕ್ಕೆ ಏನೂ ಆಗುತ್ತಿಲ್ಲ, ಮನಸ್ಸೂ ದೇಹವೂ ದಣಿದಿವೆ, ಬೇರೆಯವರನ್ನು ಆಡಿಸಿ ನೋಡಿ ಎಂದು ಹೇಳಿ ಹಿಂದೆ ಸರಿದಿದ್ದರು. ಪಂದ್ಯ ಮುಗಿದ ಮೇಲೆ ಪತ್ರಕರ್ತರ ಮುಂದೆ ಇದನ್ನು ಬಾಯಿ ಬಿಟ್ಟು ಹೇಳಿದರು. ಭಾವನಿಗೆ ಇದನ್ನು ಓದಿ ಹೇಳಿದವಳು ಅದೇ ಸೊಸೆ, ಬಾಗಿಲ ಮರೆಯಲ್ಲಿ ನಿಂತು, ಫೋನು ನೋಡಿಕೊಂಡು. ಭಾವ ಒಂದು ಗಳಿಗೆ ಸುಮ್ಮನಾದರು. ಆಮೇಲೆ "ದುಡ್ಡು ವಾಪಸ್ ಕೊಟ್ನಾ?" ಅಂದರು.

ಬಿಡಿ, ಹಳ್ಳಿಯವರ ಪ್ರಶ್ನೆ ನೇರವಾಗಿ ಹೊಟ್ಟೆಗೆ ಇಳಿಯುತ್ತದೆ. ಉತ್ತರ ಕೊಟ್ಟವಳು ನಮ್ಮಕ್ಕ. ಆಗಷ್ಟೇ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಬಂದಿದ್ದಳು.

"ನನ್ ಹಾಲಿಗೆ ದಿನಾ ಲೆಕ್ಕ. ಫ್ಯಾಟು ಎಷ್ಟು, ಡಿಗ್ರಿ ಎಷ್ಟು, ಮಿಶಿನ್ನು ತೋರಿಸ್ತದೆ, ಅದರಂಗೆ ದುಡ್ಡು. ನಿಮ್ಮ ಆ ಹುಡುಗರದ್ದು ಹಾಲಿನ ಲೆಕ್ಕ ಅಲ್ಲ ಕಣ್ರೀ, ನೀವು ಹುಣಸೆಮರ ಹಿಡಿಯೋ ಲೆಕ್ಕ. ಹೂ ನೋಡಿ ಬೆಲೆ ಕಟ್ಟಿದವರು ಅವರ ಯಜಮಾನರು. ಕಾಯಿ ಕಚ್ಚಲಿಲ್ಲ ಅಂದ್ರೆ ಮರ ಏನ್ ಮಾಡ್ತದೆ? ಹೋದ ವರ್ಷ ನೀವು ನಾಲ್ಕು ಮರ ಹಿಡಿದು ಕೈ ಸುಟ್ಕೊಂಡ್ರಲ್ಲ, ಯಾವ ಮರಕ್ಕೆ ಹೋಗಿ ಬೈದ್ರಿ? ಅದ್ಯಾರ ಕಾಲ್ಗುಣ? ಆಗ ಈ ಮಗ ನಮ್ಮನೆಗೆ ಬಂದೇ ಇರಲಿಲ್ವಲ್ಲ!"

ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಭಾವ ಟವೆಲ್ಲು ಕೊಡವಿ ಹೊಲದ ಕಡೆ ಹೊರಟೇಬಿಟ್ಟರು.

ಅಕ್ಕ ಓದಿದ್ದು ಏಳನೇ ಕ್ಲಾಸು. ಆದರೆ ಐ.ಪಿ.ಎಲ್. ಒಪ್ಪಂದದ ಒಳಗುಟ್ಟು ಅವಳು ಹೇಳಿದ ಹಾಗೇ ಇದೆ. ಆಟಗಾರನಿಗೆ ಒಂದು ರನ್ನಿಗೆ ಇಷ್ಟು, ಒಂದು ವಿಕೆಟ್ಟಿಗೆ ಇಷ್ಟು ಎಂದು ಕೊಡುವುದಿಲ್ಲ. ಹರಾಜಿನಲ್ಲಿ ಕೂಗಿದ ಬೆಲೆ ಆ ಋತುವಿಗೆಲ್ಲ. ಫಸಲು ಬರಲಿ, ಬಿಡಲಿ. ಲಾಭವೂ ಹರಾಜು ಕೂಗಿದವನದೇ, ನಷ್ಟವೂ ಅವನದೇ. ಮುಂದಿನ ವರ್ಷ ಆ ಮರಕ್ಕೆ ಕಡಿಮೆ ಬೆಲೆ ಕಟ್ಟಬಹುದು, ಬೇಡವೆಂದು ಬಿಡಬಹುದು. ಲೆಕ್ಕ ಕೇಳುವ ದಾರಿ ಅದು.

ಆದರೆ ಕೆಲವು ಯಜಮಾನರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಇದಾದ ಮೂರೇ ವಾರಕ್ಕೆ, 2024ರ ಮೇ 8ರಂದು, ಹೈದರಾಬಾದಿನಲ್ಲಿ ನಮ್ಮ ಮಂಗಳೂರು ಕಡೆಯ ಹುಡುಗ ಕೆ.ಎಲ್. ರಾಹುಲ್ ನಾಯಕನಾಗಿದ್ದ ಲಖನೌ ತಂಡ ಸೋತಿತು. ಸೋಲು ಅಂದರೆ ಅಂಥಿಂಥ ಸೋಲಲ್ಲ. ಇವರು 20 ಓವರು ಆಡಿ ಹೊಡೆದ 165ನ್ನು ಅವರು ವಿಕೆಟ್ಟೇ ಕಳೆದುಕೊಳ್ಳದೆ ಹತ್ತು ಓವರಿನೊಳಗೆ ಮುಗಿಸಿದರು. ರಾಹುಲ್ 33 ಬಾಲಿಗೆ 29. ಆತನ ಬೆಲೆ 17 ಕೋಟಿ. ಪಂದ್ಯ ಮುಗಿದ ಮೇಲೆ ತಂಡದ ಒಡೆಯರಾದ ಸಂಜೀವ್ ಗೋಯೆಂಕಾ ಮೈದಾನದ ಅಂಚಿನಲ್ಲೇ, ಎಲ್ಲರ ಕಣ್ಣೆದುರೇ ಕೈಯಾಡಿಸುತ್ತ ರಾಹುಲ್ ಜೊತೆ ಮಾತಾಡಿದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಮಾತು ಕೇಳಿಸಲಿಲ್ಲ, ಮುಖ ಕಂಡಿತು. ರಾಹುಲ್ ತಲೆ ತಗ್ಗಿಸಿ ನಿಂತಿದ್ದರು.

ಅದನ್ನು ನೋಡುವಾಗ ನನಗೆ ನೆನಪಾದದ್ದು ಕ್ರಿಕೆಟ್ಟಲ್ಲ. ನೆಂಟರ ಎದುರಿಗೆ, ಬಡಿಸುತ್ತಿರುವ ಸೊಸೆಗೆ, "ಸಾರಿಗೆ ಉಪ್ಪು ಹಾಕೋದು ನಿಮ್ಮಮ್ಮ ಕಲಿಸಲಿಲ್ವಾ" ಎನ್ನುವ ಮನೆಗಳು. ಉಪ್ಪು ಕಡಿಮೆ ಇರಬಹುದು, ನಿಜ. ಹೇಳಲೂ ಬೇಕು. ಅದನ್ನು ಪಂಕ್ತಿಯ ನಡುವೆ ಹೇಳುವವನಿಗೆ ಬೇಕಾದದ್ದು ಉಪ್ಪಲ್ಲ, ತಾನು ಯಜಮಾನ ಅಂತ ನಾಲ್ಕು ಜನ ನೋಡಬೇಕು, ಅಷ್ಟೇ. ರಾಹುಲ್ ಆ ಋತು ಮುಗಿದ ಮೇಲೆ ತಂಡ ಬಿಟ್ಟರು. ದೆಹಲಿಯವರು 14 ಕೋಟಿಗೆ ಕೊಂಡರು, ಅಂದರೆ ಬೆಲೆ ಮೂರು ಕೋಟಿ ಇಳಿಯಿತು. ಅದು ನ್ಯಾಯವಾದ ಲೆಕ್ಕ, ಯಾರೂ ತಕರಾರು ಮಾಡುವ ಹಾಗಿಲ್ಲ. 2025ರ ಏಪ್ರಿಲ್ 10ರಂದು ಅದೇ ರಾಹುಲ್ ಚಿನ್ನಸ್ವಾಮಿಯಲ್ಲಿ ನಮ್ಮ ಬೆಂಗಳೂರಿನ ಮೇಲೇ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು, ಇದು ನನ್ನ ಜಾಗ ಅನ್ನುವ ಹಾಗೆ ತೋರಿಸಿದರು. ಸೋತದ್ದು ನಮ್ಮವರು, ಆದರೂ ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ನಮ್ಮ ಭಾವನಿಗೆ ಹೇಳಬೇಡಿ.

ಇದಕ್ಕಿಂತ ದೊಡ್ಡ ಕಥೆ ನಮ್ಮ ಬೆಂಗಳೂರು ತಂಡದ್ದೇ ಇದೆ. 2008ರಲ್ಲಿ ವಿಜಯ್ ಮಲ್ಯ ಈ ತಂಡವನ್ನು 11 ಕೋಟಿ 16 ಲಕ್ಷ ಡಾಲರಿಗೆ ಕೊಂಡರು. ಹೆಸರು ಇಟ್ಟದ್ದು ಅವರ ಕಂಪನಿಯ ವಿಸ್ಕಿಯದು. ಹೆಂಡತಿ ಮಕ್ಕಳು ಯಾವ ಸೀಸೆಯನ್ನು ಕಂಡರೆ ಹೆದರುತ್ತಾರೋ ಅದೇ ಸೀಸೆಯ ಹೆಸರು ಎಳೆ ಹುಡುಗರ ಅಂಗಿಯ ಮೇಲೆ ಬಂದು ಕೂತಿತು. ಅದನ್ನು ನಾವು ಯಾರೂ ಅಷ್ಟಾಗಿ ಗಮನಿಸಲಿಲ್ಲ. ನಾಯಕ ನಮ್ಮ ರಾಹುಲ್ ದ್ರಾವಿಡ್. ತಂಡದಲ್ಲಿ ಅತಿ ಹೆಚ್ಚು ಬೆಲೆಗೆ ಬಂದವನಿಗಿಂತ ಶೇಕಡಾ 15ರಷ್ಟು ಹೆಚ್ಚು ಹಣ ಅವರಿಗೆ. ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಐ.ಪಿ.ಎಲ್.ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದವರು 222, ನಮ್ಮವರು 82ಕ್ಕೆ ಎಲ್ಲರೂ ಔಟು. ಬ್ಯಾಟು ಹಿಡಿದವರೆಲ್ಲರಿಗಿಂತ ಹೆಚ್ಚು ರನ್ ಬಂದದ್ದು ಎಕ್ಸ್‌ಟ್ರಾದಲ್ಲಿ, 19! ಆ ವರ್ಷ 14 ಪಂದ್ಯಕ್ಕೆ ನಾಲ್ಕೇ ಗೆಲುವು, ಎಂಟು ತಂಡಗಳಲ್ಲಿ ಏಳನೇ ಜಾಗ.

ಋತು ನಡೆಯುತ್ತಿರುವಾಗಲೇ ತಂಡದ ಆಡಳಿತ ನೋಡಿಕೊಳ್ಳುತ್ತಿದ್ದ ಚಾರು ಶರ್ಮಾ ಅವರನ್ನು ತೆಗೆದು ಬ್ರಿಜೇಶ್ ಪಟೇಲರನ್ನು ತಂದರು. ಮುಗಿದ ಮೇಲೆ ತರಬೇತುದಾರ ವೆಂಕಟೇಶ್ ಪ್ರಸಾದ್ ಕೂಡ ಹೋದರು. ತಂಡವನ್ನು ಆರಿಸಿದ್ದು ದ್ರಾವಿಡ್ ಮತ್ತು ಚಾರು, ನನ್ನ ಮನಸ್ಸಿನಲ್ಲಿದ್ದ ಪಟ್ಟಿ ಬೇರೆಯೇ ಇತ್ತು ಅನ್ನುವ ಅರ್ಥದ ಮಾತನ್ನು ಮಲ್ಯ ಪತ್ರಿಕೆಯವರ ಮುಂದೆ ಆಡಿದರು. ದ್ರಾವಿಡ್ ಆ ವರ್ಷ 371 ರನ್ ಹೊಡೆದು ತಂಡದಲ್ಲೇ ಮುಂದಿದ್ದವರು. ಎದುರು ವಾದಿಸಲಿಲ್ಲ, ಗೋಳಾಡಲಿಲ್ಲ. ಮುಂದಿನ ವರ್ಷ ನಾಯಕನ ಪಟ್ಟ ಕೆವಿನ್ ಪೀಟರ್ಸನ್‌ಗೆ ಹೋಯಿತು. ಅದೇ 2009ರ ಏಪ್ರಿಲ್ 18, ಸರಿಯಾಗಿ ವರ್ಷ ತುಂಬಿದ ದಿನ, ಕೇಪ್‌ಟೌನಿನಲ್ಲಿ ದ್ರಾವಿಡ್ 66 ಹೊಡೆದರು. ಅನಿಲ್ ಕುಂಬ್ಳೆ ಐದೇ ರನ್ ಕೊಟ್ಟು ಐದು ವಿಕೆಟ್ ತೆಗೆದರು, ರಾಜಸ್ಥಾನದವರು 58ಕ್ಕೆ ಮುಗಿದರು. ತಂಡ ಆ ವರ್ಷ ಫೈನಲ್‌ವರೆಗೆ ಹೋಗಿ ಬರೀ ಆರು ರನ್ನಿನಿಂದ ಸೋತಿತು.

ಇನ್ನು ಲೆಕ್ಕ ಕೇಳಿದ ಯಜಮಾನರ ಲೆಕ್ಕ. ಅವರ ಕಿಂಗ್‌ಫಿಶರ್ ವಿಮಾನ ಕಂಪನಿಯ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಮುಷ್ಕರ ಹೂಡಿದರು, 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲ ಬಿಟ್ಟು ಏಳದಾದವು. 2016ರ ಮಾರ್ಚಿನಲ್ಲಿ ಅವರು ದೇಶ ಬಿಟ್ಟರು. 2019ರ ಜನವರಿಯಲ್ಲಿ ನ್ಯಾಯಾಲಯ ಅವರನ್ನು ದೇಶ ಬಿಟ್ಟು ಓಡಿದ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಆ ನೌಕರರ ಮನೆಗಳಲ್ಲೂ ನಮ್ಮಂಥ ಹೆಂಗಸರೇ ಇದ್ದರು. ತಿಂಗಳ ಮೊದಲ ವಾರ ರೇಷನ್ ಪಟ್ಟಿ ಬರೆದು, ಆಮೇಲೆ ಒಂದೊಂದೇ ಸಾಮಾನು ಹೊಡೆದುಹಾಕಿದ್ದಿರಬಹುದು. ಹನ್ನೊಂದು ಜನ ಚೆನ್ನಾಗಿ ಆಡಲಿಲ್ಲ ಅಂತ ಜಗತ್ತಿಗೆ ಸಾರಿ ಹೇಳಿದವರ ಮನೆಯ ಕಣಜ ಹೀಗಿತ್ತು. ದ್ರಾವಿಡ್ ಕೊನೆಗೆ ಭಾರತ ತಂಡದ ಕೋಚ್ ಆಗಿ 2024ರಲ್ಲಿ ವಿಶ್ವಕಪ್ ಗೆಲ್ಲಿಸಿದಾಗ, ಬಹುಮಾನದಲ್ಲಿ ತಮಗೆ ಜಾಸ್ತಿ ಬೇಡ, ಉಳಿದ ತರಬೇತುದಾರರಿಗೆ ಕೊಟ್ಟಷ್ಟೇ ಸಾಕು ಎಂದರೆಂದು ಪತ್ರಿಕೆಗಳಲ್ಲಿ ಬಂತು.

ಹಾಗಂತ ಆಟಗಾರರನ್ನು ಯಾರೂ ಏನೂ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಅವರ ಕೋಟಿ ಎಲ್ಲಿಂದ ಬಂತು, ನೋಡಿ. ಐ.ಪಿ.ಎಲ್.ನ ಐದು ವರ್ಷದ ಪ್ರಸಾರದ ಹಕ್ಕು 2022ರಲ್ಲಿ 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಕೊಂಡವರು ಅದನ್ನು ಜಾಹೀರಾತಿನಿಂದ ತೆಗೆಯಬೇಕು. ಜಾಹೀರಾತು ಕೊಟ್ಟವರು ಸೋಪು, ಟೀಪುಡಿ, ಬಿಸ್ಕತ್ತು, ಪೇಂಟಿನ ಬೆಲೆಯಿಂದ ತೆಗೆಯಬೇಕು. ಟೀಪುಡಿ ಪೊಟ್ಟಣ ಕೊಳ್ಳುವವರು ಯಾರು? ಕ್ರಿಕೆಟ್ ನೋಡದವಳು ಕೂಡ ಕ್ರಿಕೆಟ್ಟಿಗೆ ಕಾಸು ಕೊಟ್ಟಿರುತ್ತಾಳೆ. ಆದ್ದರಿಂದ ಕೇಳುವ ಹಕ್ಕು ಭಾವನವರಿಗೆ ಎಷ್ಟಿದೆಯೋ ಅಕ್ಕನಿಗೂ ಅಷ್ಟೇ ಇದೆ. ಅಡುಗೆಮನೆಗೆ ಓಡಿಸಿದ ಆ ಹುಡುಗಿಗೂ ಇದೆ.

ದೇಶಕ್ಕೆ ಆಡುವವರ ಲೆಕ್ಕ ಬೇರೆ. ಕ್ರಿಕೆಟ್ ಮಂಡಳಿಯವರು ಆಟಗಾರರನ್ನು ದರ್ಜೆಗಳಾಗಿ ವಿಂಗಡಿಸಿ ವರ್ಷಕ್ಕಿಷ್ಟು ಎಂದು ಕೊಡುತ್ತಾರೆ. 2018ರಲ್ಲಿ ಮೇಲಿನ ದರ್ಜೆಗೆ 7 ಕೋಟಿ, ಕೆಳಗಿನದಕ್ಕೆ 1 ಕೋಟಿ ಎಂದು ಗೊತ್ತು ಮಾಡಿದರು. ಅದರ ಮೇಲೆ ಒಂದೊಂದು ಟೆಸ್ಟ್ ಪಂದ್ಯಕ್ಕೆ 15 ಲಕ್ಷ ಬೇರೆ. ಇಲ್ಲಿ ಬಿಗಿ ಮಾಡುವುದು ಸಾಧ್ಯವಿದೆ. 2024ರ ಫೆಬ್ರವರಿಯಲ್ಲಿ ಶ್ರೇಯಸ್ ಅಯ್ಯರ್ ಮತ್ತು ಇಶಾನ್ ಕಿಶನ್ ಅವರಿಗೆ ಒಪ್ಪಂದವೇ ಸಿಗಲಿಲ್ಲ. ದೇಶದ ತಂಡದಲ್ಲಿಲ್ಲದಾಗ ರಣಜಿ ಆಡಿರಿ ಎಂಬ ಮಾತಿಗೆ ಬೆಲೆ ಕೊಡಲಿಲ್ಲ ಎಂಬುದು ಎಲ್ಲರೂ ಅರ್ಥ ಮಾಡಿಕೊಂಡ ಕಾರಣ. ಅಯ್ಯರ್ ಮತ್ತೆ ಆಡಿ, ಗೆದ್ದು, 2025ರಲ್ಲಿ ಒಪ್ಪಂದ ಮರಳಿ ಪಡೆದರು. ಯಾರೂ ಅವರ ಮನೆ ಮುಂದೆ ನಿಂತು ಕೂಗಲಿಲ್ಲ. ಹಾಲು ತೆಳುವಾಯಿತು, ಡೈರಿಯವರು ವಾಪಸ್ ಕಳಿಸಿದರು, ಹಿಂಡಿ ಬೂಸ ಸರಿಯಾಗಿ ಹಾಕಿದ ಮೇಲೆ ಮತ್ತೆ ತಗೊಂಡರು.

ಆದರೆ ಡೈರಿಯ ಮಿಶಿನ್ನಿಗೆ ದೊಡ್ಡ ಮನೆಯ ಹಾಲು, ಬಡವಿಯ ಹಾಲು ಎಂಬ ಭೇದವಿಲ್ಲ. ಕ್ರಿಕೆಟ್ಟಿನಲ್ಲಿ ಅದಿದೆ. ನಮ್ಮ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ಹೊಡೆದರು. ಮುಂದಿನ ಟೆಸ್ಟಿನಲ್ಲಿ ಜಾಗವಿಲ್ಲ! ಆಮೇಲೆ ಕೆಲವು ಪಂದ್ಯ ಕೊಟ್ಟು, ಓಡಲಿಲ್ಲವೆಂದು 2017ರಲ್ಲಿ ಕೈಬಿಟ್ಟವರು ಮತ್ತೆ ಟೆಸ್ಟ್ ಆಡಿಸಿದ್ದು 2025ರಲ್ಲಿ. ದೊಡ್ಡ ಹೆಸರಿನವರಿಗೆ ಮಾತ್ರ ಒಂದು ಋತು ಕೆಟ್ಟರೆ 'ಲಯಕ್ಕೆ ಬರುತ್ತಾರೆ, ತಾಳಿ' ಎಂಬ ಸಮಾಧಾನ. ಬೇಸರವಾಗುವುದು ಇಲ್ಲೇ. ಹಿರಿಮಗ ಬೆಳೆ ಕೆಡಿಸಿದರೆ ಮಳೆಯ ತಪ್ಪು, ಕಿರಿಮಗ ಕೆಡಿಸಿದರೆ ಸೋಮಾರಿ!

ಹಳಬರಿಗೆ 1974 ನೆನಪಿರಬಹುದು. ಆಗ ನಾನು ಹುಡುಗಿ, ರೇಡಿಯೋ ನಮ್ಮ ಪಡಸಾಲೆಯ ಗೂಡಿನಲ್ಲಿರುತ್ತಿತ್ತು. ಲಾರ್ಡ್ಸ್‌ನಲ್ಲಿ ಭಾರತ 42ಕ್ಕೆ ಮುಗಿಯಿತು. ನಮ್ಮ ವಿಶ್ವನಾಥ್ ಐದು ರನ್. ನಮ್ಮ ಚಂದ್ರಶೇಖರ್ ಪೆಟ್ಟಾಗಿ ಬ್ಯಾಟು ಹಿಡಿಯಲೇ ಆಗಲಿಲ್ಲ. ನಾಯಕ ಅಜಿತ್ ವಾಡೇಕರ್ ಅವರ ಮುಂಬಯಿ ಮನೆಗೆ ಜನ ಕಲ್ಲು ಹೊಡೆದರು. ಕೋಟಿ ಇರಲಿ, ಲಕ್ಷದ ಕನಸೂ ಇಲ್ಲದ ಕಾಲ ಅದು. ವಾಡೇಕರ್, ವಿಶ್ವನಾಥ್ ಇಬ್ಬರೂ ಸ್ಟೇಟ್ ಬ್ಯಾಂಕಿನ ನೌಕರರು. ಅಂದಮೇಲೆ ನಮ್ಮ ಸಿಟ್ಟು ಕೋಟಿಯ ಮೇಲಿನ ಸಿಟ್ಟಲ್ಲ. ಕೋಟಿ ಇಲ್ಲದಾಗಲೂ ಕಲ್ಲು ಬಿದ್ದಿತ್ತು. ಆ ಮನೆಯೊಳಗೆ ಯಾರಿದ್ದರು, ಒಲೆಯ ಮೇಲೆ ಏನಿತ್ತು ಎಂದು ನಮ್ಮಮ್ಮ ಅವತ್ತು ಕೇಳಿದ್ದು ಈಗಲೂ ಕಿವಿಯಲ್ಲಿದೆ.

ಈಗ ಕಲ್ಲು ಕಡಿಮೆಯಾಗಿ ಫೋನು ಬಂದಿದೆ, ಅಷ್ಟೇ ವ್ಯತ್ಯಾಸ. 2015ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಸಿಡ್ನಿಯಲ್ಲಿ ಕೊಹ್ಲಿ ಒಂದೇ ರನ್ನಿಗೆ ಔಟಾದಾಗ ಜನ ಬೈದದ್ದು ಪ್ರೇಕ್ಷಕರ ನಡುವೆ ಕೂತಿದ್ದ ಅನುಷ್ಕಾ ಶರ್ಮಾಳನ್ನು. ಇನ್ನೂ ಮದುವೆಯೂ ಆಗಿರಲಿಲ್ಲ! 2021ರಲ್ಲಿ ಪಾಕಿಸ್ತಾನದ ಎದುರು ಸೋತಾಗ ಅವರ ಹಾಲುಗಲ್ಲದ ಮಗುವಿಗೇ ಅಸಹ್ಯವಾದ ಬೆದರಿಕೆ ಹಾಕಿದವನನ್ನು ಪೊಲೀಸರು ಹಿಡಿದರು. ಅಷ್ಟೇಕೆ, 2024-25ರಲ್ಲಿ ಆಸ್ಟ್ರೇಲಿಯಾದಲ್ಲಿ ಸರಣಿ ಸೋತು ಬಂದ ಮೇಲೆ ಮಂಡಳಿ ಮಾಡಿದ ಕಟ್ಟಳೆ ನೋಡಿ. ಎಲ್ಲರೂ ದೇಶದೊಳಗಿನ ಪಂದ್ಯ ಆಡಬೇಕು ಎಂದರು, ಬಹಳ ಸರಿ. ಅದರಿಂದಲೇ ಕೊಹ್ಲಿ 12 ವರ್ಷದ ಮೇಲೆ ರಣಜಿ ಆಡಿದರು, ರಾಹುಲ್ ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಆಡಿದರು. ಜೊತೆಯಲ್ಲೇ, 45 ದಿನ ಮೀರಿದ ಪ್ರವಾಸದಲ್ಲಿ ಹೆಂಡತಿ ಮಕ್ಕಳು ಎರಡು ವಾರಕ್ಕಿಂತ ಹೆಚ್ಚು ಇರಕೂಡದು ಎಂದೂ ಸೇರಿಸಿದರು. ಮೈದಾನದಲ್ಲಿ ಆಫ್ ಸ್ಟಂಪಿನ ಹೊರಗಿನ ಬಾಲನ್ನು ಕೆಣಕಿದವನು ಅವನು, ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಡಬೇಕಾದವಳು ಇವಳು. ಮುಂಬಯಿಯ ದೊಡ್ಡ ಕಚೇರಿಗೂ ಗುಂಡ್ಲುಪೇಟೆಯ ಚಾಪೆಯ ತುದಿಗೂ ಎಷ್ಟು ದೂರ, ನೀವೇ ಹೇಳಿ.

ಹೆಣ್ಣುಮಕ್ಕಳೇ ಆಡುವ ಕಡೆ ಹೇಗಿದೆ ಎಂದು ನೋಡಿದೆ. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ನಾಯಕಿಯಾಗಿದ್ದಾಗ ಸಂಭಾವನೆಯ ಮಾತೇ ಇರಲಿಲ್ಲ. ರಿಸರ್ವೇಷನ್ ಇಲ್ಲದ ರೈಲು ಡಬ್ಬಿಯಲ್ಲಿ ಹೋಗಿ ಆಡಿ ಬಂದವರು ಅವರು. ಗಂಡಸರಷ್ಟೇ ಪಂದ್ಯದ ಸಂಭಾವನೆ ಹೆಂಗಸರಿಗೂ ಕೊಡುತ್ತೇವೆ ಎಂದು ಮಂಡಳಿ ಹೇಳಿದ್ದು 2022ರ ಅಕ್ಟೋಬರಿನಲ್ಲಿ. ಹಣ ಬಂದರೆ ಲೆಕ್ಕವೂ ಬರುತ್ತದೆ. 2023ರಲ್ಲಿ ಸ್ಮೃತಿ ಮಂಧಾನಾಗೆ ನಮ್ಮ ಬೆಂಗಳೂರಿನ ಮಹಿಳಾ ತಂಡ ಕೊಟ್ಟದ್ದು 3 ಕೋಟಿ 40 ಲಕ್ಷ, ಆ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು. ತಂಡ ಮೊದಲ ಐದು ಪಂದ್ಯ ಸೋತಿತು, ಸ್ಮೃತಿಗೆ ಇಡೀ ಋತುವಿನಲ್ಲಿ ಒಂದು ಅರ್ಧಶತಕವೂ ಬರಲಿಲ್ಲ. ಆಡಿಕೊಂಡವರು ಬಹಳ. ತಂಡದವರು ತರಬೇತುದಾರರನ್ನು ಬದಲಿಸಿದರು, ನಾಯಕಿಯನ್ನು ಉಳಿಸಿಕೊಂಡರು. 2024ರ ಮಾರ್ಚ್ 17ರಂದು ಅವಳೇ ಕಪ್ಪು ಎತ್ತಿದಳು. ಗಂಡಸರು 16 ವರ್ಷದಿಂದ ಕಾಯುತ್ತಿದ್ದ ಹೆಸರಿಗೆ ಮೊದಲ ಕಪ್ಪು ತಂದವರು ಹೆಣ್ಣುಮಕ್ಕಳು. ಭಾವ ಅವತ್ತು ಟಿ.ವಿ. ಹಾಕಿರಲಿಲ್ಲವಂತೆ!

2025ರ ವಿಶ್ವಕಪ್ಪಿನಲ್ಲಿ ಜೆಮಿಮಾ ರಾಡ್ರಿಗಸ್‌ಗೆ ರನ್ ಬರಲಿಲ್ಲ ಎಂದು ಇಂಗ್ಲೆಂಡ್ ಪಂದ್ಯಕ್ಕೆ ಕೂರಿಸಿದರು. ಒಂದೇ ಪಂದ್ಯ. ಅಕ್ಟೋಬರ್ 30ರಂದು ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯಾದ ಎದುರು ಅವಳು ಔಟಾಗದೆ 127 ಹೊಡೆದಳು. ಆ ದಿನಗಳಲ್ಲಿ ಹೆಚ್ಚುಕಡಿಮೆ ದಿನವೂ ಅತ್ತಿದ್ದೇನೆ ಎಂದು ಎಲ್ಲರೆದುರೇ ಹೇಳಿಕೊಂಡಳು, ನಾಚಿಕೊಳ್ಳಲಿಲ್ಲ. ನವೆಂಬರ್ 2ರಂದು ಕಪ್ಪು ನಮ್ಮದಾಯಿತು.

ಸಿಟ್ಟಿಗೆ ಹೇಗೆ ಕಣ್ಣಿಲ್ಲವೋ ಸಂತೋಷಕ್ಕೂ ಹಾಗೇ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಗೆಲುವಿನ ಮೆರವಣಿಗೆ ನೋಡಲು ಹೋಗಿ ನೂಕುನುಗ್ಗಲಲ್ಲಿ 11 ಜನ ಸತ್ತರು. ಒಂದು ಬಾಲು ಬಿಟ್ಟವನನ್ನು ಹೆಸರು ಹಿಡಿದು ಬೈಯುವ ನಾವು, ಬಾಗಿಲಲ್ಲಿ ಅಷ್ಟು ಜನ ಸೇರಲು ಬಿಟ್ಟವರನ್ನು ಎಷ್ಟು ದಿನ ಕೇಳಿದೆವು? ಬರೆಯಲು ಕೈ ಬರುವುದಿಲ್ಲ, ಇಲ್ಲಿಗೇ ಬಿಡುತ್ತೇನೆ.

ಆ ದುಃಖದ ಹಿಂದಿನ ರಾತ್ರಿಯದೊಂದು ಮಾತು ಉಳಿಯಿತು. ಜೂನ್ 3, ಅಹಮದಾಬಾದಿನಲ್ಲಿ ಫೈನಲ್. ಎದುರಿಗೆ ಅದೇ ಶ್ರೇಯಸ್ ಅಯ್ಯರ್ ನಾಯಕನಾಗಿದ್ದ ಪಂಜಾಬ್. ನಮ್ಮವರು 190. ಕೊನೆಗೆ ಆರು ರನ್ನಿನಿಂದ ಗೆದ್ದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ರಾತ್ರಿ ಹನ್ನೆರಡಕ್ಕೆ ಅಕ್ಕನ ಫೋನು.

"ಕೇಳಮ್ಮಿ ಇಲ್ಲಿ. ಇವತ್ತು ನಮ್ ಸೊಸೆ ಮೊದಲನೇ ಬಾಲಿಂದ ಕುರ್ಚಿ ಮೇಲೆ, ಟಿ.ವಿ. ಎದುರಿಗೇ ಕೂತಿದ್ಲು, ಮಗೀನ ತೊಡೆ ಮೇಲೆ ಹಾಕ್ಕೊಂಡು. ನಾನೇ ಕೂರಿಸ್ದೆ. ಮುದ್ದೆ ನಾನು ಕಟ್ಟಿದ್ದು."

"ಭಾವ ಏನಂದ್ರು?"

"ಗೆದ್ದ ಮೇಲೆ ಕುಣಿದಾಡಿಬಿಟ್ರು. 'ನಮ್ ಸೊಸೆ ಕಾಲ್ಗುಣ! ಹದಿನೆಂಟು ವರ್ಷಕ್ಕೆ ಕಪ್ಪು ಬಂತು ನೋಡು' ಅಂದ್ರು."

"ಅವಳು?"

ಅಕ್ಕ ನಕ್ಕಳು. "'ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದ್ರು ಮಾವ, ಅದಕ್ಕೆ ಗೆದ್ದದ್ದು. ನನ್ ಕಾಲು ಕುರ್ಚಿ ಕೆಳಗೇ ಇತ್ತು' ಅಂದ್ಲು. ಅಂದ್ಬುಟ್ಟು, ಮಗೀನ ಅವರ ಕೈಗೆ ಕೊಟ್ಟು, ಬೆಳಿಗ್ಗೆ ಡೈರಿಗೆ ಹೋಗ್ಬೇಕು ಅಂತ ಮಲಗೋಕೆ ಹೋದ್ಲು."